ಜಾವಳಿಯ ಕೆನೆಬಣ್ಣದ ಹೆರಾಲ್ಡ್

ಗೋಣಿಬೀಡಿನಿಂದ ಸ್ವಲ್ಪ ಒಳಗೆ, ಒಂದು ಎಸ್ಟೇಟಿನ ಕಾಫಿ ಒಣಗಿಸುವ ಕಣದಲ್ಲಿ ನಾವು ಹಳೇ ಕಾರಿನವರು ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಸೇರುತ್ತೇವೆ. ಮಳೆ ಹಿಂದೆಗೆದ ಮೇಲೆ ಶುರುವಾದರೆ ಹಣ್ಣು ಕೊಯ್ದು ಕಣ ತುಂಬುವವರೆಗೆ. ಆಮೇಲೆ ಕಣ ಖಾಲಿಯಾದ ಮೇಲೆ ಮತ್ತೆ. ಸಂಘ, ಬೋರ್ಡು, ಚಂದಾ ಯಾವುದೂ ಇಲ್ಲ. ಎಸ್ಟೇಟಿನ ಯಜಮಾನರನ್ನು ಎಲ್ಲರೂ ಗೌಡ್ರು ಅನ್ನುತ್ತೇವೆ. ಎಂಬತ್ತರ ಆಸುಪಾಸಿನವರು. ಕಣ ಅವರದು, ಕಾಫಿ ತಿಂಡಿ ಅವರದು, ಇಲ್ಲಿನ ಒಂದೇ ಒಂದು ಕಟ್ಟಳೆಯನ್ನು ಮಾಡಿದವರೂ ಅವರೇ. ತನ್ನ ಕಾರಿನ ಕಥೆಯನ್ನು ಮಾಲೀಕ ತಾನೇ ಹೇಳುವ ಹಾಗಿಲ್ಲ. ಆ ಕಾರನ್ನು ಬಲ್ಲ ಇನ್ನೊಬ್ಬರು ಎದ್ದು ಹೇಳಬೇಕು.

ಈ ಕಟ್ಟಳೆ ನನಗೆ ಮೊದಲಿನಿಂದ ಇಷ್ಟ. ನಾನು ಬಹಳ ವರ್ಷ ಪತ್ರಿಕೆಯಲ್ಲಿದ್ದವನು. ತನ್ನ ಬಗ್ಗೆ ತಾನೇ ಹೇಳಿಕೊಳ್ಳುವವರ ಮಾತನ್ನು ಪಕ್ಕಕ್ಕಿಟ್ಟು ಇನ್ನೊಬ್ಬರನ್ನು ಕೇಳುವುದು ಅಭ್ಯಾಸವಾಗಿ ಹೋಗಿದೆ. ಕಟ್ಟಳೆ ಇಲ್ಲದಿದ್ದರೆ ನಮ್ಮ ಜಿಲ್ಲೆಯ ಹಳೇ ಕಾರುಗಳಲ್ಲಿ ಅರ್ಧದಷ್ಟರಲ್ಲಿ ಮಹಾರಾಜರು ಕೂತಿರುತ್ತಿದ್ದರು, ಉಳಿದರ್ಧವನ್ನು ಬಿಳಿ ದೊರೆಗಳು ಕಣ್ಣೀರು ಹಾಕಿ ಬಿಟ್ಟುಹೋಗಿರುತ್ತಿದ್ದರು. ಕಳಸದ ಕಡೆಯ ನನ್ನೊಬ್ಬ ಗೆಳೆಯ ಹಳೇ ಜೀಪು ತರುತ್ತಾನೆ. ಅವನಿಗೆ ನನ್ನ ಈ ಗುಣ ತಮಾಷೆ. "ಇವ್ನ ಹತ್ರ ಇವತ್ತು ಅಮಾಸೆ ಅಂದ್ರೂ ಇನ್ನಿಬ್ರನ್ನ ಕೇಳ್ಕೊಂಡು ಬರ್ತಾನೆ ಮಾರಾಯ" ಅನ್ನುತ್ತಾನೆ.

ಆ ಅಕ್ಟೋಬರಿನ ಭಾನುವಾರ ಚಿಕ್ಕಮಗಳೂರಿನ ಒಬ್ಬ ಟೈಲ್ಸ್ ವ್ಯಾಪಾರಿ ಮೊದಲ ಸಲ ಬಂದರು. ಹಣೆಯಲ್ಲಿ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಅವರು ತಂದದ್ದು ಕೆನೆಬಣ್ಣದ ಹೆರಾಲ್ಡ್ ಕಾರು. ಬಂಪರು ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತಿತ್ತು. ಹೆರಾಲ್ಡಿನ ಮುಂಭಾಗ ಮಡ್‌ಗಾರ್ಡು ಸಮೇತ ಒಟ್ಟಿಗೇ ಮೇಲೇಳುತ್ತದೆ, ಮೊಸಳೆ ಬಾಯಿ ತೆರೆದ ಹಾಗೆ. ಅವರು ಅದನ್ನು ಎತ್ತಿ ನಿಲ್ಲಿಸಿದ ಕೂಡಲೇ ಎಲ್ಲರೂ ಸುತ್ತ ನೆರೆದರು. ಹೊಸ ಬಣ್ಣ, ಹೊಸ ಸೀಟು, ಹೊಸ ರಬ್ಬರು. ಕರಿ ತಗಡಿನ ಮೇಲೆ ಬಿಳಿ ಅಕ್ಷರದ ನಂಬರ್ ಪ್ಲೇಟ್ ಒಂದನ್ನು ಮಾತ್ರ ಹಳೆಯದೇ ಉಳಿಸಿದ್ದರು.

ಜೀಪಿನ ಗೆಳೆಯ ಆ ನಂಬರನ್ನು ಗಟ್ಟಿಯಾಗಿ ಓದಿದ. ಇನ್ನೊಮ್ಮೆ ಓದಿದ.

"ಇದು ಜಾವಳಿ ಕಾರಲ್ವನಾ? ಘಾಟಿಗೆ ಬಿತ್ತು ಅಂದಿದ್ದು?"

ನಮ್ಮ ಕಡೆ ಮನುಷ್ಯರ ಹೆಸರು ಮರೆತರೂ ಹಳೇ ಕಾರಿನ ನಂಬರ್ ಮರೆಯುವುದಿಲ್ಲ. ಒಂದು ಕಾಲಕ್ಕೆ ಒಂದು ಹೋಬಳಿಗೆ ಇದ್ದದ್ದೇ ನಾಲ್ಕಾರು ಕಾರು. ದೂರದ ತಿರುವಿನಲ್ಲಿ ನಂಬರ್ ಕಂಡರೆ ಸಾಕು, ಯಾರು ಬಂದರು, ಯಾರ ಮನೆಗೆ ಹೊರಟರು ಎಂದೆಲ್ಲ ಲೆಕ್ಕ ಹಾಕುತ್ತಿದ್ದರು. ನಂಬರನ್ನು ಗುರುತಿಸಿದ ಮೇಲೆ ಒಳಗೆ ಕೂತವರ ಮುಖ ನೋಡುವ ಅಭ್ಯಾಸವೇ ಇರಲಿಲ್ಲ.

ನಾನು ಗೌಡ್ರ ಕಡೆ ನೋಡಿದೆ. ಹೊಸ ಕಾರು ಬಂದರೆ ಅವರು ಮೊದಲು ಎದ್ದು ಒಂದು ಸುತ್ತು ಬಂದು, ಕೈಗೋಲಿನಿಂದ ಟಯರನ್ನು ತಟ್ಟಿ ಆಮೇಲೆ ಮಾತಾಡುವವರು. ಅವತ್ತು ಕುರ್ಚಿಯಿಂದ ಏಳಲಿಲ್ಲ. "ಮಂಡಿ ನೋವು" ಅಂದರು. ಅದಕ್ಕೆ ಸ್ವಲ್ಪ ಮೊದಲು ಗೋಡೌನಿನ ಮೆಟ್ಟಿಲು ಹತ್ತಿ ಇಳಿದದ್ದನ್ನು ನಾನು ನೋಡಿದ್ದೆ.

ಕಥೆಯನ್ನು ಜೀಪಿನ ಗೆಳೆಯ ಹೇಳಿದ. ಅದು ನಮ್ಮಲ್ಲಿ ಎಲ್ಲರೂ ಅರ್ಧಂಬರ್ಧ ಕೇಳಿದ್ದ ಕಥೆಯೇ. ಜಾವಳಿಯಲ್ಲಿ ಒಂದು ಕೂಡುಕುಟುಂಬ, ಇಬ್ಬರು ಅಣ್ಣತಮ್ಮಂದಿರು. ಕಾರು ಮನೆಯದು, ಓಡಿಸುತ್ತಿದ್ದವನು ತಮ್ಮ. ಒಂದು ಮಳೆಗಾಲದ ಸಂಜೆ ಅವನು ಹರಿದ ಅಂಗಿಯಲ್ಲಿ ನಡೆದು ಬಂದು, ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಕಾರು ಕೆಳಗೆ ಹೋಯಿತು, ನಾನು ಬಾಗಿಲಿನಿಂದ ಹಾರಿಕೊಂಡೆ ಅಂದ. ಮಳೆ ಕಡಿಮೆಯಾದ ಮೇಲೆ ಆಳುಗಳನ್ನು ಇಳಿಸಿ ನೋಡೋಣ ಎಂದುಕೊಂಡರು. ಅಷ್ಟರಲ್ಲಿ, ಮರುದಿನವೇ, ಬೇರೆ ಕೆಲಸಕ್ಕೆ ಕಳಸಕ್ಕೆ ಹೋಗಿದ್ದ ಅಣ್ಣ ತನ್ನ ಕಣ್ಣಾರೆ ಆ ಕಾರನ್ನು ನೋಡಿದ. ಅದೇ ಬಣ್ಣ, ಅದೇ ನಂಬರ್. ಕೂಗುವಷ್ಟರಲ್ಲಿ ಹೊರಟು ಹೋಯಿತು.

"ಅಲ್ಲಿಗೆ ಮುಗೀತು. ತಮ್ಮ ಕಾರು ಮಾರಿ ಘಾಟಿ ಕಥೆ ಕಟ್ಟಿದಾನೆ ಅಂತ ಆಯ್ತು. 'ಕಾರು ನುಂಗಿದೋನು' ಅಂತ ಹೆಸರೇ ಬಿತ್ತು" ಅಂದ ಗೆಳೆಯ.

"ಘಾಟಿಗೆ ಇಳಿದು ನೋಡಿದವರು ಯಾರು?" ಎಂದು ಕೇಳಿದೆ.

"ಯಾರೂ ಇಲ್ಲ. ಕಳಸದಲ್ಲಿ ಓಡಾಡ್ತಿರೋ ಕಾರನ್ನ ಘಾಟೀಲಿ ಹುಡುಕೋದು ಯಾಕೆ?"

ವ್ಯಾಪಾರಿಯ ಮುಖ ಅರಳಿತ್ತು. ಅವರ ಕಾರಿಗೆ ಒಂದು ಕಥೆ ಸಿಕ್ಕಿತ್ತು. "ನಂಗೆ ಕಳಸದ ಗುಜರಿಯೋನು ಕೊಟ್ಟಿದ್ದು. ಆರ್‌ಸಿ ಪುಸ್ತಕ ಕಳೆದಿದೆ. ಮೊದಲ ಮಾಲೀಕರ ಮನೆಯವರು ಒಂದು ಸೈನ್ ಹಾಕಿದ್ರೆ ಬೇರೆ ಮಾಡಿಸ್ಕೊಬಹುದು. ಜಾವಳಿಯಲ್ಲಿ ಯಾರಿದ್ದಾರೆ?" ಎಂದು ಕೇಳಿ ದಾರಿ ತಿಳಿದುಕೊಂಡರು.

ಗೌಡ್ರು ಕಾಫಿ ಲೋಟ ಹಿಡಿದು ಕೂತೇ ಇದ್ದರು.

ಅದಾಗಿ ಸ್ವಲ್ಪ ದಿನಕ್ಕೆ ಮೂಡಿಗೆರೆಯ ನಮ್ಮ ಮನೆಗೆ ಐವತ್ತು ದಾಟಿದ ಒಬ್ಬ ಹೆಂಗಸು ಬಂದರು. ಕಾರು ಓಡಿಸುತ್ತಿದ್ದ ಆ ತಮ್ಮನ ಮಗಳು. ತಂದೆ ತೀರಿಕೊಂಡು ಬಹಳ ಕಾಲವಾಗಿದೆ, ದೊಡ್ಡಪ್ಪನೂ ಇಲ್ಲ. ಜಾವಳಿಯಲ್ಲಿ ತಂದೆಯ ಪಾಲಿನ ತೋಟವನ್ನು ಈಕೆಯೇ ನೋಡಿಕೊಳ್ಳುತ್ತಾರೆ. ಪಕ್ಕದ ಮನೆಯಲ್ಲಿ ದೊಡ್ಡಪ್ಪನ ಮಗ. ಕೂತವರು ನೀರು ಕುಡಿದು ಸೀದಾ ವಿಷಯಕ್ಕೆ ಬಂದರು.

"ಪಾಲಾದಾಗ ಕಾರು ತಿಂದಿದ್ದಕ್ಕೆ ಅಂತ ಅಪ್ಪನಿಗೆ ಕಣ ಕೊಡಲಿಲ್ಲ. ಅವತ್ತಿಂದ ನಾವು ಟಾರ್ಪಾಲ್ ಹಾಸಿ ರಸ್ತೆ ಬದೀಲಿ ಕಾಫಿ ಒಣಗಿಸ್ತಿದೀವಿ. ಈ ವರ್ಷ ಪಕ್ಕದ ಮನೆ ಅಣ್ಣ ತಾನಾಗೇ ಬಂದು, ಹಳೇದೆಲ್ಲ ಸಾಕು, ನಮ್ಮ ಕಣದಲ್ಲೇ ಹಾಕು ಅಂದಿದ್ದ. ನಿಮ್ಮ ಟೈಲ್ಸ್ ಅಂಗಡಿಯೋರು ಬಂದು ಫೋಟೋ ತೋರಿಸಿ ಸೈನ್ ಕೇಳಿದ್ರು. ಅಣ್ಣ ಫೋಟೋ ನೋಡಿದ. ಈಗ, ಆ ಕಾರಿನ ವಿಷಯ ತೀರ್ಮಾನ ಆಗಲಿ ಆಮೇಲೆ ನೋಡೋಣ ಅಂತಿದಾನೆ."

"ನಿಮಗೆ ಕಣ ಬೇಕು."

"ಕಣದ ಕೆಲಸ ಟಾರ್ಪಾಲಲ್ಲೂ ಆಗತ್ತೆ. ಸಾಯೋ ಹಿಂದಿನ ವಾರ ಅಪ್ಪ ನನ್ನ ಕರೆದು, ಕಾರು ಬಿದ್ದಿದ್ದು ಹೌದು ಮಗ ಅಂದ್ರು. ಅಷ್ಟೇ. ಬೇರೆ ಯಾವುದೂ ಹೇಳಲಿಲ್ಲ. ಅದು ಸುಳ್ಳಾದ್ರೆ ನಂಗೆ ಗೊತ್ತಾಗಬೇಕು. ನೀವು ಪೇಪರಿನವರು. ಆದ್ರೆ ಪೇಪರಿಗೆ ಬರೀಬೇಡಿ, ವಿಚಾರಿಸಿ ಹೇಳಿ."

ಅವರು ಹೋದ ಮೇಲೆ ನಾನು ಅವರನ್ನೂ ಅನುಮಾನದಿಂದಲೇ ನೋಡಿದೆ. ಈ ಕಾರು ಆ ಕಾರಲ್ಲ ಎಂದಾದರೆ ಲಾಭ ಅವರಿಗೇ. ಹಾಗಾಗಿ ಕಾರಿನ ಬಗ್ಗೆ ಅವರ ನೆನಪಿಗೆ ಸಾಕ್ಷಿಯ ತೂಕ ಕೊಡುವಂತಿರಲಿಲ್ಲ. ವ್ಯಾಪಾರಿಗೆ ಇದು ಅದೇ ಕಾರಾಗಬೇಕು, ಇಲ್ಲದಿದ್ದರೆ ಸಹಿ ಸಿಕ್ಕಿಯೂ ಉಪಯೋಗವಿಲ್ಲ. ದೊಡ್ಡಪ್ಪನ ಮಗನಿಗೆ ತನ್ನ ತಂದೆ ಕಣ್ಣಾರೆ ಕಂಡದ್ದು ನಿಜವಾಗಬೇಕು. ಎಲ್ಲರಿಗೂ ಒಂದೊಂದು ಉತ್ತರ ಬೇಕಿತ್ತು. ಗೌಡ್ರಿಗೆ ಯಾವ ಉತ್ತರ ಬೇಕಿತ್ತು ಎಂಬುದೊಂದೇ ನನಗೆ ತಿಳಿಯಲಿಲ್ಲ.

ಆಕೆಯನ್ನು ಕರೆದುಕೊಂಡು ಚಿಕ್ಕಮಗಳೂರಿಗೆ ಹೋದೆ. ವ್ಯಾಪಾರಿ ಶೆಡ್ಡಿನ ಬೀಗ ತೆಗೆದರು, ಆದರೆ ಬಾಗಿಲಿಗೆ ಅಡ್ಡ ನಿಂತೇ ಮಾತಾಡಿದರು.

"ನೋಡಿ ತಾಯಿ, ನಾನು ಕಾಸು ಕೊಟ್ಟು ತಗೊಂಡಿರೋದು. ನಮ್ಮಪ್ಪನ ಕಾರು ವಾಪಸ್ ಕೊಡಿ ಅಂತ ಬಂದಿದ್ರೆ ಈಗ್ಲೇ ಹೇಳಿಬಿಡಿ."

"ನಂಗೆ ಬೇಡ ಸಾವ್ಕಾರ್ರೆ. ಇದು ನಮ್ಮಪ್ಪಂದು ಅಲ್ದೇ ಇದ್ರೇ ಸಾಕು ನಂಗೆ."

ವ್ಯಾಪಾರಿಗೆ ಈ ಮಾತು ಇನ್ನೂ ಗೊಂದಲವಾಗಿರಬೇಕು. ಪಕ್ಕಕ್ಕೆ ಸರಿದರು.

ಆಕೆ ಕಾರನ್ನು ಮುಟ್ಟದೆ ಸುತ್ತಿದರು. "ನಮ್ದರಲ್ಲಿ ಎಡಗಡೆ ಬಾಗಿಲು ಹೊರಗಿಂದ ಮಾತ್ರ ತೆಗೀತಿತ್ತು."

"ಬೀಗಗಳೆಲ್ಲ ಹೊಸಾವು ಹಾಕ್ಸಿದೀನಿ."

"ಕಾಲಿಡೋ ಕಡೆ ತೂತಿತ್ತು. ರಸ್ತೆ ಕಾಣ್ತಿತ್ತು."

"ತಗಡು ಬದಲಾಯಿಸಿ ವೆಲ್ಡಿಂಗ್ ಮಾಡ್ಸಿದೆ."

"ಮೇಲ್ಗಡೆ ಒಂದು ತಗ್ಗಿತ್ತು, ಹಲಸಿನಕಾಯಿ ಬಿದ್ದು."

"ಇಡೀ ಬಾಡಿ ತಟ್ಟಿಸಿ ಬಣ್ಣ ಹೊಡ್ಸಿರೋದು ತಾಯಿ" ಎಂದ ವ್ಯಾಪಾರಿಯ ದನಿಯಲ್ಲಿ ಹೆಮ್ಮೆಯೂ ಇತ್ತು, ಅಯ್ಯೋ ಅನ್ನುವಂಥದ್ದೂ ಇತ್ತು.

ಹಳೇ ಕಾರನ್ನು ಹೊಸದು ಮಾಡುವುದೆಂದರೆ ಅದರ ಮೈಮೇಲಿನ ಸಾಕ್ಷಿಗಳನ್ನೆಲ್ಲ ಒಂದೊಂದಾಗಿ ಅಳಿಸುವುದು. ಇಷ್ಟು ವರ್ಷ ಈ ಹುಚ್ಚಿನ ಜೊತೆಗಿದ್ದೂ ನನಗದು ಅವತ್ತಿನವರೆಗೆ ಹೊಳೆದಿರಲಿಲ್ಲ. ಮರಳಿ ಬರುವಾಗ ಆಕೆ ಹ್ಯಾಂಡ್‌ಪೋಸ್ಟ್ ಕೂಡುರಸ್ತೆಯಲ್ಲಿ ಇಳಿಯುತ್ತ, "ಅದೇ ಕಾರು ಅಂತಾದ್ರೂ ಹೇಳ್ತೀರಲ್ಲ? ಮುಚ್ಚಿಡಲ್ಲ ತಾನೆ?" ಎಂದು ಕೇಳಿದರು. ಇಲ್ಲ ಅಂದೆ.

ಕಳಸದ ಗುಜರಿಯವನು ಜೀಪಿನ ಗೆಳೆಯನಿಗೆ ಗೊತ್ತಿದ್ದ. ಇಬ್ಬರೂ ಹೋದೆವು. ಗುಜರಿಯವನು ಮೊದಲು ನಮ್ಮನ್ನು ಪೊಲೀಸರ ಕಡೆಯವರೆಂದುಕೊಂಡು ಯಾವ ಹೆರಾಲ್ಡೂ ನೆನಪಿಲ್ಲ ಅಂದ. ಗೆಳೆಯ, "ಈ ಮುಖ ನೋಡಿದ್ರೆ ಪೊಲೀಸ್ ಅನ್ಸತ್ತಾ ಮಾರಾಯ? ಇದು ರಿಟೈರಾದ ಪೇಪರು. ಕಚ್ಚಲ್ಲ, ಕೇಳ್ತದೆ ಅಷ್ಟೆ" ಎಂದ ಮೇಲೆ ಬಾಯಿ ಬಿಟ್ಟ. ಸಂಸೆಯ ಆಚೆ ಒಂದು ತೋಟ ಕೈ ಬದಲಾಗಿತ್ತು. ಹೊಸದಾಗಿ ಕೊಂಡವರು ಹಳೇ ಶೆಡ್ಡು ಕೆಡವುವಾಗ ಕಟ್ಟಿಗೆ ರಾಶಿಯ ಹಿಂದೆ ಈ ಕಾರು ಸಿಕ್ಕಿತು. ಟಯರಿನ ನಡುವೆ ಜರೀಗಿಡ ಬೆಳೆದಿತ್ತು. ತೂಕಕ್ಕೆ ಹಾಕಲು ಅವನನ್ನು ಕರೆದರು.

"ತೋಟ ಮೊದಲು ಯಾರದು?"

"ಅದೆಲ್ಲ ನಂಗೊತ್ತಿಲ್ಲ ಸಾರ್."

ನಾವು ಸಂಸೆಗೂ ಹೋದೆವು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಆ ತೋಟ ಯಾರದಾಗಿತ್ತು ಎಂದು ಕೇಳಿದೆ. ಗಲ್ಲಾಪೆಟ್ಟಿಗೆಯ ಹಿಂದಿದ್ದವರು ಯೋಚಿಸಬೇಕಾಗಲಿಲ್ಲ. ಗೋಣಿಬೀಡಿನ ನಮ್ಮ ಗೌಡ್ರದ್ದು. ಇನ್ನೊಂದು ಕಡೆಯೂ ಕೇಳಿದೆ, ಅದೇ ಉತ್ತರ. ಜೀಪಿನ ಗೆಳೆಯ ಅರ್ಧ ಲೋಟ ಚಹಾ ಹಾಗೇ ಬಿಟ್ಟ. ಮೂಡಿಗೆರೆಯವರೆಗೂ ಅವನು ಒಂದು ತಮಾಷೆಯನ್ನೂ ಮಾಡಲಿಲ್ಲ.

ಈಗ ಕಥೆ ಜಾವಳಿಯವರ ಸಂಶಯಕ್ಕೇ ಒಪ್ಪುವಂತಿತ್ತು. ತಮ್ಮ ಕಾರನ್ನು ಮಾರಿದ, ಗೌಡ್ರು ಗುಟ್ಟಾಗಿ ಕೊಂಡರು, ಸಂಸೆಯಲ್ಲಿ ಅಡಗಿಸಿಟ್ಟರು. ಎಲ್ಲ ಸರಿಹೊಂದುತ್ತದೆ. ಸುದ್ದಿಮನೆಯಲ್ಲಿ ನಮಗೆ ಹೇಳಿಕೊಟ್ಟ ಒಂದು ಪಾಠವಿತ್ತು: ಯಾರ ಮೇಲೆ ಮಾತು ಬರುತ್ತದೋ ಅವರನ್ನು ಮೊದಲು ಕೇಳು. ಸೇರುವ ಭಾನುವಾರದ ಹಿಂದಿನ ಮಧ್ಯಾಹ್ನ ಒಬ್ಬನೇ ಗೌಡ್ರ ಮನೆಗೆ ಹೋದೆ. ಜಗಲಿಯಲ್ಲಿ ಮೆಣಸಿನ ಬಳ್ಳಿ ಕಟ್ಟುವ ಹಗ್ಗ ಸುತ್ತುತ್ತಾ ಕೂತಿದ್ದರು. ಸಂಸೆಯಲ್ಲಿ ಕೇಳಿದ್ದನ್ನು ಹಾಗೇ ಹೇಳಿದೆ.

ಅವರು ಹಗ್ಗ ಕೆಳಗಿಡಲಿಲ್ಲ. "ಕಣದ ಕಟ್ಟಳೆ ಗೊತ್ತಲ್ಲ ನಿಮಗೆ. ನನ್ನ ಕಾರಿನ ಕಥೆ ನಾನು ಹೇಳೋ ಹಾಗಿಲ್ಲ" ಅಂದರು.

ನನ್ನ ಕಾರು ಎಂದಿದ್ದರು.

"ಅಂದ್ರೆ ಜಾವಳಿಯವರಿಂದ ಕೊಂಡಿರಿ?"

"ಕೊಂಡೆ ಅಂತ ನಾನು ಹೇಳಲಿಲ್ಲ."

"ಹಾಗಾದ್ರೆ ನಾಳೆ ನಾನೇ ಎದ್ದು ಹೇಳ್ತೀನಿ. ನಂಗೆ ಗೊತ್ತಿರೋದಷ್ಟನ್ನೇ. ಆ ಹೆಣ್ಣುಮಗಳನ್ನೂ ಬರಹೇಳ್ತೀನಿ."

"ಹೇಳಿ" ಅಂದರು. ಹಗ್ಗಕ್ಕೆ ಇನ್ನೊಂದು ಸುತ್ತು ಹಾಕಿ, "ಅವಳು ಬರ್ಲಿ" ಅಂದರು.

ದಾರಿಯುದ್ದಕ್ಕೂ ನನಗೆ ಆ ಕಟ್ಟಳೆಯ ಮೇಲೇ ಸಂಶಯ. ಕೊಚ್ಚಿಕೊಳ್ಳುವವರನ್ನು ತಡೆಯಲೆಂದು ಮಾಡಿದ್ದು ಅಂದುಕೊಂಡಿದ್ದೆವು. ತಾನು ಬಾಯಿ ಬಿಡಬೇಕಾಗಿ ಬರಬಾರದು ಎಂದು ಒಬ್ಬ ಮನುಷ್ಯ ಮಾಡಿಕೊಂಡಿದ್ದರೂ ಅದು ಹೀಗೇ ಇರುತ್ತಿತ್ತು.

ಭಾನುವಾರ ಕಣದಲ್ಲಿ ಎಂದಿಗಿಂತ ಹೆಚ್ಚು ಜನ. ಕೊಯ್ಲು ಶುರುವಾಗುವ ಮೊದಲಿನ ಕೊನೆಯ ಸೇರುವಿಕೆ. ಕೆನೆಬಣ್ಣದ ಹೆರಾಲ್ಡ್ ಗೋಡೌನಿನ ಎದುರು ನಿಂತಿತ್ತು. ಜಾವಳಿಯ ಮಗಳು ಬಸ್ಸಿನಲ್ಲಿ ಬಂದು, ಕೊಟ್ಟ ಕುರ್ಚಿಯಲ್ಲಿ ಕೂರದೆ ಕಣದ ಕಟ್ಟೆಯ ಹತ್ತಿರ ನಿಂತರು. ನಾನು ಎದ್ದು ಹೇಳಿದೆ: ಈ ಕಾರು ಸಂಸೆಯ ಒಂದು ತೋಟದ ಶೆಡ್ಡಿನಲ್ಲಿ ಸಿಕ್ಕಿತು. ಆ ತೋಟ ಮೊದಲು ಗೌಡ್ರದ್ದಾಗಿತ್ತು. ಜಾವಳಿಯ ನಂಬರಿನ ಕಾರು ಅಲ್ಲಿಗೆ ಹೇಗೆ ಹೋಯಿತು ಎಂಬುದು ನನಗೆ ಗೊತ್ತಿಲ್ಲ. ಇಷ್ಟು ಹೇಳಿ ಕೂತೆ.

ಗೌಡ್ರು ಕೈಗೋಲು ಊರಿ ಎದ್ದು ನಿಂತರು.

"ಇದು ಜಾವಳಿ ಕಾರಲ್ಲ" ಅಂದರು. "ನಂದೇ ಕಾರು. ನಂಬರ್ ಮಾತ್ರ ಜಾವಳೀದು."

ಆಮೇಲೆ ಅವರು ಹೇಳಿದ್ದನ್ನು ಅವರ ಮಾತಿನ ಕ್ರಮದಲ್ಲೇ ಬರೆಯುತ್ತೇನೆ. ಜಾವಳಿಯ ಆ ತಮ್ಮ ಅವರ ಗೆಳೆಯ. ಅವನ ಹೆರಾಲ್ಡ್ ನೋಡಿ ಇವರಿಗೂ ಆಸೆಯಾಯಿತು. ವಯನಾಡಿನ ಒಂದು ಎಸ್ಟೇಟಿನ ಮ್ಯಾನೇಜರು ಊರು ಬಿಡುವಾಗ ಒಂದನ್ನು ಅಗ್ಗಕ್ಕೆ ಕೊಟ್ಟ, ಕಾಗದಪತ್ರ ಯಾವುದೂ ಇರಲಿಲ್ಲ. ಗೆಳೆಯನೇ ಉಪಾಯ ಹೇಳಿದ. ನನ್ನ ಬಣ್ಣವನ್ನೇ ಬಳಿಸು, ನನ್ನ ನಂಬರನ್ನೇ ಹಾಕು, ಆದರೆ ಒಂದೇ ದಿನ ಒಂದೇ ದಾರಿಯಲ್ಲಿ ಇಬ್ಬರೂ ಹೋಗುವುದು ಬೇಡ. ಆಗಿನ ಕಾಲಕ್ಕೆ ಇದು ಯಾರೂ ಕೇಳದ ಸಂಗತಿಯಲ್ಲ. ತೆರಿಗೆ ಉಳಿಸಲು ಒಂದೇ ನಂಬರಿನ ಎರಡು ಜೀಪು ಇಟ್ಟುಕೊಂಡವರು ಈ ಬೆಟ್ಟಗಳಲ್ಲಿ ಇದ್ದರು. ಅಲ್ಲಿದ್ದ ವಯಸ್ಸಾದ ಒಂದಿಬ್ಬರು ತಲೆ ತಗ್ಗಿಸಿದ್ದನ್ನು ನೋಡಿದೆ.

"ಅವನ ಕಾರು ಘಾಟಿಗೆ ಹೋಗಿದ್ದು ನಂಗೆ ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ನಾನು ಇದರಲ್ಲಿ ಕಳಸಕ್ಕೆ ಹೋದೆ. ಅವನ ಅಣ್ಣ ರಸ್ತೇಲಿ ನಿಂತಿದ್ದ. ನನ್ನ ಮುಖ ನೋಡಲಿಲ್ಲ, ನಂಬರ್ ನೋಡಿದ. ನಾನು ಹೆದರಿ ಸಂಸೆಗೆ ಓಡಿಸಿದೆ. ಅವತ್ತು ಶೆಡ್ಡಿಗೆ ಹಾಕಿದ್ದು ಮತ್ತೆ ತೆಗೀಲಿಲ್ಲ. ಬೀಗ ಹಾಕಿದ ಮೇಲೆ ಅದರ ಮುಖ ನೋಡೋಕೆ ಮನಸ್ಸಾಗಲಿಲ್ಲ. ತೋಟ ಮಾರೋ ಹೊತ್ತಿಗೆ ಮಣ್ಣಾಗಿರ್ತದೆ ಅಂದುಕೊಂಡಿದ್ದೆ."

"ಅಪ್ಪನಿಗೆ ಗೊತ್ತಿತ್ತಾ, ಕಳಸದಲ್ಲಿ ಕಂಡಿದ್ದು ನಿಮ್ಮ ಕಾರು ಅಂತ?" ಮಗಳು ಕೇಳಿದರು.

"ಗೊತ್ತಿತ್ತು. ಬಂದಿದ್ದ. 'ಹೇಳಿಬಿಡ್ಲಾ?' ಅಂದ. ನಮ್ಮ ದೊಡ್ಡ ಮಗಳ ಮದುವೆ ಗೊತ್ತಾಗಿತ್ತು. ಆ ಹೊತ್ತಲ್ಲಿ ಪೊಲೀಸು, ಕೇಸು ಅಂತಾದ್ರೆ ಮದುವೆ ಮುರೀತದೆ, ಅದು ಮುಗಿಯೋತನಕ ತಡಿ ಅಂದೆ. ಮದುವೆ ಆಯ್ತು. ಅಷ್ಟ್ರಲ್ಲಿ ಅವರ ಮನೇಲಿ ಪಾಲೂ ಆಯ್ತು. ಅವನು ಮತ್ತೆ ಕೇಳಲಿಲ್ಲ. ನಾನೂ..."

"ಅವರು ಕೇಳಬೇಕಿತ್ತಾ ಗೌಡ್ರೆ?"

ಗೌಡ್ರು ಕೈಗೋಲನ್ನು ಇನ್ನೊಂದು ಕೈಗೆ ಬದಲಾಯಿಸಿದರು.

ಆಗ ನಾನು ಕೇಳಬೇಕಾದ ಪ್ರಶ್ನೆ ಒರಟಾಗಿತ್ತು, ಆದರೆ ಕೇಳಲೇಬೇಕಿತ್ತು. ವಯಸ್ಸಾದವರು, ಹಳೇ ಗೆಳೆಯನ ಮಗಳು ಎದುರಿಗೆ ನಿಂತಿದ್ದಾಳೆ. ಕರುಣೆಯಿಂದಲೂ ಇಂಥ ಕಥೆ ಹುಟ್ಟಬಹುದು. "ಇದು ನಿಮ್ಮ ಕಾರೇ ಅನ್ನೋದಕ್ಕೆ ಏನಾದ್ರೂ ಇದೆಯಾ?"

"ಹಿಂದಿನ ಸೀಟು ಎತ್ತಿ" ಅಂದರು. "ಕಾಫಿ ಚೀಲಕ್ಕೆ ಗುರುತು ಹೊಡೆಯೋ ಹೊಸ ತಗಡು ಬಂದಿತ್ತು. ಸೀಟು ತೆಗೆದು ಚೀಲ ಹೇರೋವಾಗ ಲೆಕ್ಕ ಬರೆಯೋ ನಮ್ಮ ರೈಟರು ಬಣ್ಣ ಹಿಡೀತದಾ ಅಂತ ಅಲ್ಲೇ ಒತ್ತಿ ನೋಡಿದ್ದ. ನಾನು ಬೈದಿದ್ದೆ."

ವ್ಯಾಪಾರಿ ಹಿಂದೆಮುಂದೆ ನೋಡಿದರು. "ಹೊಸಾ ಸೀಟು ಗೌಡ್ರೆ, ಹೊಲಿಗೆ ಬಿಟ್ಟೀತು" ಅಂದರು. ಜೀಪಿನ ಗೆಳೆಯ, "ಜಾವಳಿ ಮರ್ಯಾದೆ ಹರಿದು ಇಷ್ಟು ವರ್ಷ ಆಯ್ತು, ನಿಮ್ಮ ಸೀಟಿನ ಹೊಲಿಗೆಗೆ ಅಳ್ತೀರಲ್ಲ ಸಾವ್ಕಾರ್ರೆ" ಎಂದು ತಾನೇ ಬಾಗಿಲು ತೆಗೆದು ಸೀಟು ಕಿತ್ತ. ಬಣ್ಣ ಹೊಡೆದವರು ಅಲ್ಲಿಯವರೆಗೆ ಹೋಗಿರಲಿಲ್ಲ. ತುಕ್ಕಿನ ನಡುವೆ ಹಸಿರು ಬಣ್ಣದಲ್ಲಿ ಒಂದು ಬಳೆ, ಅದರೊಳಗೆ ಒಂದು ಎಲೆ. ಅದೇ ಗುರುತು ನಮ್ಮ ಬೆನ್ನ ಹಿಂದೆ ಗೋಡೌನಿನ ಬಾಗಿಲ ಮೇಲೂ ಇತ್ತು. ಆ ಗುರುತನ್ನು ಅಲ್ಲಿ ಒಬ್ಬರಾದ ಮೇಲೊಬ್ಬರು ಬಗ್ಗಿ ನೋಡಿದರು.

"ಅಂದ್ರೆ ನನ್ನ ಕಾರಿಗೆ ನಂಬರೇ ಇಲ್ವಾ?" ವ್ಯಾಪಾರಿ ಕೇಳಿದರು. ಯಾರಿಗೂ ಅವರನ್ನು ಸಮಾಧಾನ ಮಾಡುವ ಪುರಸೊತ್ತಿರಲಿಲ್ಲ.

ಮಗಳು ಮಾತ್ರ ಬಗ್ಗಿ ನೋಡಲಿಲ್ಲ. "ಇಲ್ಲಿ ಹೇಳಿದ್ದು ಸಾಲದು" ಅಂದರು. "ಜಾವಳಿಗೆ ಬಂದು ಹೇಳಿ."

ಗೌಡ್ರು ಚಪ್ಪಲಿ ಮೆಟ್ಟಿದರು.

ಜೀಪಿನಲ್ಲಿ ನಾಲ್ವರೇ ಹೋದೆವು. ಗೌಡ್ರು ಮುಂದೆ, ನಾನೂ ಆಕೆಯೂ ಹಿಂದೆ. ದಾರಿಯಲ್ಲಿ ನಾನು ಮನಸ್ಸಿನಲ್ಲೇ ವಿಷಯಗಳನ್ನು ಬೇರೆ ಬೇರೆ ಮಾಡಿ ಇಟ್ಟುಕೊಳ್ಳುತ್ತಿದ್ದೆ. ಸೀಟಿನ ಕೆಳಗಿನ ಗುರುತಿನಿಂದ ಈ ಕಾರು ಗೌಡ್ರದ್ದು ಎಂದು ಸಾಬೀತಾಗುತ್ತದೆ. ಜಾವಳಿಯ ಕಾರು ಘಾಟಿಗೆ ಬಿತ್ತು ಎಂದು ಅದರಿಂದ ಸಾಬೀತಾಗುವುದಿಲ್ಲ. ಆದರೆ ಬೀಳಲಿಲ್ಲ ಎನ್ನುವುದಕ್ಕೆ ಇದ್ದದ್ದು ಒಂದೇ ಒಂದು ಆಧಾರ, ಕಳಸದಲ್ಲಿ ಕಂಡ ನಂಬರು. ಅದೀಗ ಉಳಿದಿಲ್ಲ.

ದೊಡ್ಡಪ್ಪನ ಮಗ ಅರವತ್ತರ ಹತ್ತಿರದ ಗಂಭೀರ ಮನುಷ್ಯ. ಗೌಡ್ರು ಬಂದದ್ದು ನೋಡಿ ಹೆಗಲ ಮೇಲಿನ ಟವೆಲ್ ತೆಗೆದು, "ಬರ್ಬೇಕು ಬರ್ಬೇಕು" ಎಂದು ಕುರ್ಚಿ ಹಾಕಿಸಿದರು. ಗೌಡ್ರು ಕೂರದೆ, ಅಂಗಳದಲ್ಲೇ ನಿಂತು, ಕಣದಲ್ಲಿ ಹೇಳಿದ್ದನ್ನೆಲ್ಲ ಇನ್ನೊಮ್ಮೆ ಹೇಳಿದರು. ಮಗಳ ಮದುವೆಯ ಮಾತನ್ನೂ ಬಿಡಲಿಲ್ಲ.

ಆತ ಕೇಳಿದ ಮೊದಲ ಪ್ರಶ್ನೆ ನಾನು ಕೇಳಬಹುದಾಗಿದ್ದದ್ದೇ. "ಇವರು ಹೇಳಿಕೊಟ್ಟಿದ್ದಾ ಇದು?" ಎಂದು ನನ್ನ ಕಡೆ ಬೆರಳು ತೋರಿಸಿದರು. ಜೀಪಿನ ಗೆಳೆಯ ಸೀಟಿನ ಕೆಳಗಿನ ಗುರುತಿನ ಫೋಟೋವನ್ನು ಮೊಬೈಲಿನಲ್ಲಿ ತೋರಿಸಿದ. ಬಹಳ ಹೊತ್ತು ನೋಡಿದರು. ಎರಡು ಬೆರಳಲ್ಲಿ ಹಿಗ್ಗಿಸಿ ಮತ್ತೂ ನೋಡಿದರು.

"ಹಾಗಾದ್ರೆ ನಮ್ಮಪ್ಪ ಕಳಸದಲ್ಲಿ ನೋಡಿದ್ದು ಸುಳ್ಳಲ್ಲ."

"ಅಲ್ಲ" ಅಂದರು ಗೌಡ್ರು.

"ಚಿಕ್ಕಪ್ಪ ಹೇಳಿದ್ದೂ..." ಎಂದು ನಿಲ್ಲಿಸಿದರು. ಇಬ್ಬರು ಅಣ್ಣತಮ್ಮಂದಿರೂ ಕಂಡದ್ದನ್ನೇ ಹೇಳಿ, ಒಬ್ಬರಿಗೊಬ್ಬರು ಸುಳ್ಳರಾಗಿ ಸತ್ತಿದ್ದರು. ಅದು ಆತನ ಮುಖಕ್ಕೆ ಇಳಿಯುವುದನ್ನು ನಾವು ನಿಂತು ನೋಡಿದೆವು. ಮೊಬೈಲನ್ನು ವಾಪಸು ಕೊಟ್ಟು ಗೌಡ್ರ ಕಡೆ ತಿರುಗಿದರು. ದನಿ ಏರಲಿಲ್ಲ. "ನೀವು ಹೊರಡಿ."

ನಮ್ಮ ಕಡೆ ಶತ್ರು ಬಂದರೂ ಕಾಫಿ ಕೊಡದೆ ಕಳಿಸುವುದಿಲ್ಲ. ಅವತ್ತು ಆ ಮನೆಯಿಂದ ಕಾಫಿ ಬರಲಿಲ್ಲ. ಗೌಡ್ರು ಕಾಯಲೂ ಇಲ್ಲ. ಗೆಳೆಯ ಅವರನ್ನು ಜೀಪು ಹತ್ತಿಸಿಕೊಂಡು ಹೊರಟ. ನಾನು ಬಸ್ಸಿಗೆ ಹೋಗುತ್ತೇನೆಂದು ಉಳಿದೆ.

ಆತ ಅಂಗಳದ ಆಚೆಗಿನ ಕಣದ ಕಡೆ ಕೈ ತೋರಿಸಿ, "ನಾಳೆಯಿಂದಾನೇ ಹಾಕು. ಸಗಣಿ ಸಾರಿಸಿ ಇಡೋಕೆ ಹೇಳ್ತೀನಿ" ಅಂದರು.

"ಕಣದ ಮಾತು ಆಮೇಲೆ ಅಣ್ಣ. ಅಪ್ಪ ಸುಳ್ಳು ಹೇಳಲಿಲ್ಲ ಅಂತ ಹೇಳು."

"ಈಗ ಗೊತ್ತಾಯ್ತಲ್ಲ."

"ಗೊತ್ತಾಯ್ತು. ಹೇಳು."

"ಚಿಕ್ಕಪ್ಪ ಸುಳ್ಳು ಹೇಳಿರ್ಲಿಲ್ಲ" ಅಂದರು, ನೆಲ ನೋಡುತ್ತ.

"ನಂಗಲ್ಲ. ದೊಡ್ಡಮ್ಮಂಗೆ ಹೇಳು."

ಆತನ ತಾಯಿ ಒಳಗೆ ನಡುಮನೆಯಲ್ಲಿ ಮಲಗಿದ್ದರು. ತೊಂಬತ್ತು ಮುಟ್ಟಿದವರು, ಕಿವಿ ಮಂದ. ಕಾರು ನುಂಗಿದೋನು ಎಂಬ ಮಾತು ಮೊದಲು ಹುಟ್ಟಿದ್ದು ಆ ಬಾಯಲ್ಲೇ ಎಂದು ಮಗಳು ನನಗೆ ಆಮೇಲೆ ಹೇಳಿದರು. ಆತ ಹೊಸ್ತಿಲ ಮೇಲೆ ನಿಂತು, ಇಡೀ ಮನೆಗೆ ಕೇಳುವ ಹಾಗೆ ಕೂಗಿದರು.

"ಅವ್ವಾ, ಚಿಕ್ಕಪ್ಪ ಸುಳ್ಳು ಹೇಳಿರ್ಲಿಲ್ವಂತೆ. ಕಾರು ಘಾಟಿಗೆ ಬಿದ್ದಿದ್ದು ಹೌದಂತೆ."

ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಒಳಗಿನ ಕತ್ತಲಿಂದ, ನಿಧಾನವಾಗಿ, ಹಳೆಯ ಅಧಿಕಾರದ ದನಿ ಬಂತು.

"ಅಂತೆ ಅಂತೆ ಅಂದ್ರೆ? ಯಾರು ಹೇಳಿದ್ದು?"

ಆತ ಜೀಪು ಹೋದ ದಾರಿಯ ಕಡೆ ನೋಡಿದರು. ನನ್ನನ್ನು ನೋಡಿದರು. ತಂಗಿ ಅಂಗಳದಲ್ಲಿ ಅಲ್ಲಾಡದೆ ನಿಂತಿದ್ದರು.

"ನಾನು ಹೇಳ್ತಿದೀನಿ ಅವ್ವ" ಅಂದರು.